ಪ್ರೋಟಾನ್ ನಿಲ್ಲುವ ಜಾಗ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೊನೆಯ ಕೆಲವು ಮಿಲಿಮೀಟರ್‌ಗಳ ಲೆಕ್ಕ

ಪ್ರಾಸ್ಟೇಟ್ ಗ್ರಂಥಿಯ ಬೆನ್ನಿಗೇ ಗುದನಾಳ ಇದೆ. ಎರಡರ ನಡುವಿನ ಜಾಗ ಕೆಲವೇ ಮಿಲಿಮೀಟರ್. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಶನ್ ಕೊಡುವ ವೈದ್ಯರಿಗೆ ಯಾವಾಗಲೂ ಈ ಗುದನಾಳದ್ದೇ ಚಿಂತೆ. ಅದಕ್ಕೆ ಡೋಸ್ ಜಾಸ್ತಿ ಬಿದ್ದರೆ ರಕ್ತ ಹೋಗುವುದು, ಉರಿ, ವರ್ಷಗಟ್ಟಲೆ ಕಾಡುವ ತೊಂದರೆ.

ಈಗ ಪ್ರೋಟಾನ್ ಥೆರಪಿಯನ್ನು, ಅಂದರೆ ಎಕ್ಸ್-ರೇ ಬದಲು ಪ್ರೋಟಾನ್ ಎಂಬ ಪರಮಾಣು ಕಣಗಳಿಂದ ಕೊಡುವ ರೇಡಿಯೇಶನ್ ಚಿಕಿತ್ಸೆಯನ್ನು ನೋಡಿ. ಒಂದು ಆಳಕ್ಕೆ ಹೋಗಿ ನಿಂತುಬಿಡುವುದೇ ಪ್ರೋಟಾನ್ ಕಿರಣದ ದೊಡ್ಡ ಗುಣ. ಎಕ್ಸ್-ರೇ ಹಾಗಲ್ಲ, ಮೈಯನ್ನು ಹಾದು ಆಚೆ ಹೋಗುತ್ತದೆ. ಹಾಗಿದ್ದರೆ ಹೊಟ್ಟೆಯ ಕಡೆಯಿಂದ ಪ್ರೋಟಾನ್ ಬಿಟ್ಟು, ಪ್ರಾಸ್ಟೇಟ್ ಮುಗಿಯುವ ಕಡೆ ನಿಲ್ಲಿಸಿದರೆ ಆಯಿತಲ್ಲ? ಹಿಂದಿರುವ ಗುದನಾಳಕ್ಕೆ ಏನೂ ತಾಗಬೇಕಾಗಿಲ್ಲ.

ಆದರೆ ಸಾಮಾನ್ಯವಾಗಿ ಯಾರೂ ಹಾಗೆ ಮಾಡುವುದಿಲ್ಲ. ಎಡ ಸೊಂಟದಿಂದ ಒಂದು ಕಿರಣ, ಬಲ ಸೊಂಟದಿಂದ ಒಂದು ಕಿರಣ. ಎರಡೂ ತೊಡೆಮೂಳೆಯ ದಪ್ಪ ತಲೆಯನ್ನು ದಾಟಿ, ಇಪ್ಪತ್ತಕ್ಕೂ ಹೆಚ್ಚು ಸೆಂಟಿಮೀಟರ್ ಆಳಕ್ಕೆ ಹೋಗಬೇಕು. ಅಷ್ಟು ದೂರ ಹೋಗುವಷ್ಟರಲ್ಲಿ ಕಿರಣದ ಅಂಚು ಅಕ್ಕಪಕ್ಕಕ್ಕೆ ಹರಡಿ ಮಸುಕಾಗಿರುತ್ತದೆ. ಆ ಆಳದಲ್ಲಿ ಪ್ರೋಟಾನಿನ ಪಕ್ಕದ ಅಂಚು ಎಕ್ಸ್-ರೇ ಅಂಚಿನಷ್ಟೂ ಚೂಪಾಗಿರುವುದಿಲ್ಲ. ಹೀಗಿದ್ದರೂ ಗುದನಾಳದ ಕಡೆಗೆ ಆ ಪಕ್ಕದ ಅಂಚನ್ನೇ ಇಡುತ್ತಾರೆ, ಕಿರಣ ನಿಲ್ಲುವ ಚೂಪಾದ ತುದಿಯನ್ನು ಇಡುವುದಿಲ್ಲ.

ಯಾಕೆ ಅಂದರೆ, ಪ್ರೋಟಾನ್ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಖಾತ್ರಿ. ಈ ರೋಗಿಯ ಮೈಯೊಳಗೆ, ಈ ಹೊತ್ತಿನಲ್ಲಿ, ಸರಿಯಾಗಿ ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಖಾತ್ರಿ ಇಲ್ಲ. ಪ್ರೋಟಾನ್ ಥೆರಪಿಯ ನಿಖರತೆ ಹೆಚ್ಚಿಸುವ ಸಂಶೋಧನೆಯ ಬಹುಭಾಗ ಈ ಒಂದು ನಂಬಿಕೆಯನ್ನು ಗಳಿಸುವ ಕೆಲಸ. ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ ಯಂತ್ರದ ಅತಿ ಒಳ್ಳೆಯ ಗುಣವನ್ನೇ ಪೂರ್ತಿ ಬಳಸಿಕೊಳ್ಳಲು ಆಗುತ್ತಿಲ್ಲ ಎಂಬುದು ನನ್ನನ್ನು ತುಂಬಾ ಕಾಡುವ ವಿಷಯ.

ನಿಲ್ಲುವುದು ಹೇಗೆ ಅಂತ ಮೊದಲು ನೋಡೋಣ. ಜನಜಂಗುಳಿಯ ನಡುವೆ ಜೋರಾಗಿ ಓಡುವವನು ಯಾರನ್ನೂ ಮಾತಾಡಿಸುವುದಿಲ್ಲ. ನಿಧಾನ ಆದಂತೆ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ. ಮಾತಾಡಿಸಿದಷ್ಟೂ ಇನ್ನೂ ನಿಧಾನ ಆಗುತ್ತಾನೆ, ಕೊನೆಗೆ ಒಂದು ಕಡೆ ನಿಂತೇಬಿಡುತ್ತಾನೆ. ಪ್ರೋಟಾನ್ ಕೂಡ ಹಾಗೆಯೇ. ಮೈಯೊಳಗೆ ಹೊಕ್ಕಾಗ ಅದರ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಜಾಸ್ತಿ ಇರಬಹುದು. ಆಗ ದಾರಿಯಲ್ಲಿ ಸಿಗುವ ಎಲೆಕ್ಟ್ರಾನ್‌ಗಳಿಗೆ ಅದು ಕೊಡುವ ಶಕ್ತಿ ಸ್ವಲ್ಪವೇ. ವೇಗ ತಗ್ಗಿದಂತೆ ಕೊಡುವುದು ಹೆಚ್ಚುತ್ತದೆ. ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಉಳಿದದ್ದನ್ನೆಲ್ಲ ಸುರಿದು ನಿಲ್ಲುತ್ತದೆ. ಈ ಕೊನೆಯ ಏರಿಕೆಗೆ ಬ್ರ್ಯಾಗ್ ಪೀಕ್ ಎಂದು ಹೆಸರು. ವಿಲಿಯಂ ಹೆನ್ರಿ ಬ್ರ್ಯಾಗ್ 1904ರ ಸುಮಾರಿಗೆ ಆಲ್ಫಾ ಕಣಗಳಲ್ಲಿ ಇದನ್ನು ಕಂಡಿದ್ದರು.

ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ಪ್ರೋಟಾನಿಗೆ ಕೊಡುವ ಶಕ್ತಿ ನಿರ್ಧರಿಸುತ್ತದೆ. 70 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಕೊಟ್ಟರೆ ನೀರಿನಲ್ಲಿ ಸುಮಾರು 4 ಸೆಂಟಿಮೀಟರ್. 150 ಕೊಟ್ಟರೆ 16ರ ಹತ್ತಿರ. 230 ಕೊಟ್ಟರೆ 33ರ ಹತ್ತಿರ. ನೀರಿನ ತೊಟ್ಟಿಯಲ್ಲಿ ಅಳೆದರೆ ಈ ಲೆಕ್ಕ ಒಂದು ಮಿಲಿಮೀಟರ್ ಕೂಡ ತಪ್ಪುವುದಿಲ್ಲ. ಅಂದರೆ ಯಂತ್ರದ ಕಡೆಯಿಂದ ತೊಂದರೆ ಇಲ್ಲ. ತೊಂದರೆ ಇರುವುದು ಮನುಷ್ಯನ ಮೈ ನೀರಿನ ತೊಟ್ಟಿ ಅಲ್ಲ ಎಂಬಲ್ಲಿ.

ಇದನ್ನು ಚಿಕಿತ್ಸೆಗೆ ಬಳಸಬಹುದು ಎಂದು ಮೊದಲು ಬರೆದವರು ರಾಬರ್ಟ್ ವಿಲ್ಸನ್. ಅಣುಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿ ಬಂದ ಭೌತವಿಜ್ಞಾನಿ, 1946ರಲ್ಲಿ ಒಂದು ವೈದ್ಯಕೀಯ ಪತ್ರಿಕೆಗೆ ಈ ಲೇಖನ ಬರೆದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗಳಿಗೆ ಚಿಕಿತ್ಸೆ ಆಯಿತು. ಆದರೆ ಆಸ್ಪತ್ರೆಯಲ್ಲೇ ಕಟ್ಟಿದ ಮೊದಲ ಪ್ರೋಟಾನ್ ಕೇಂದ್ರ ಅಮೆರಿಕದ ಲೋಮಾ ಲಿಂಡಾದಲ್ಲಿ ಶುರುವಾದದ್ದು 1990ರಲ್ಲಿ. ನಡುವೆ ಇಷ್ಟು ವರ್ಷ ಹಿಡಿಯಲು ಯಂತ್ರದ ಗಾತ್ರ, ಖರ್ಚು ಎಲ್ಲ ಕಾರಣವೇ. ಆದರೆ ಇನ್ನೊಂದು ಕಾರಣ ಇದೆ. ಸಿ.ಟಿ. ಸ್ಕ್ಯಾನ್ ಬಂದದ್ದು 1970ರ ದಶಕದಲ್ಲಿ. ಅದಕ್ಕೆ ಮೊದಲು ಗೆಡ್ಡೆ ಎಷ್ಟು ಆಳದಲ್ಲಿದೆ, ದಾರಿಯಲ್ಲಿ ಎಷ್ಟು ಮೂಳೆ ಇದೆ ಎಂದು ಒಳಗೆ ನೋಡಿ ಅಳೆಯುವ ದಾರಿಯೇ ಇರಲಿಲ್ಲ. ಎಲ್ಲಿ ನಿಲ್ಲಬೇಕು ಎಂದು ಗೊತ್ತಿಲ್ಲದಿದ್ದರೆ ನಿಲ್ಲುವ ಗುಣ ಇದ್ದು ಏನು ಪ್ರಯೋಜನ?

ಸಿ.ಟಿ. ಬಂದು ದಾರಿ ತೋರಿಸಿತು. ಈಗಿನ ತಪ್ಪಿನ ದೊಡ್ಡ ಪಾಲು ಕೂಡ ಅದೇ ಸಿ.ಟಿ.ಯಿಂದ ಬರುತ್ತಿದೆ.

ಸಿ.ಟಿ. ಸ್ಕ್ಯಾನ್ ನೋಡುವುದು ಎಕ್ಸ್-ರೇ ಕಣ್ಣಿನಿಂದ. ಪ್ರತಿ ಪುಟ್ಟ ಚೌಕವೂ ಎಕ್ಸ್-ರೇಯನ್ನು ಎಷ್ಟು ಹೀರುತ್ತದೆ ಎಂದು ಅದು ಹೇಳುತ್ತದೆ. ನಮಗೆ ಬೇಕಾದದ್ದು ಆ ಚೌಕ ಪ್ರೋಟಾನನ್ನು ಎಷ್ಟು ನಿಧಾನ ಮಾಡುತ್ತದೆ ಎಂಬುದು. ಇವೆರಡೂ ಒಂದೇ ಅಲ್ಲ. ಕ್ಯಾಲ್ಸಿಯಂನಂಥ ಭಾರದ ಧಾತು ಇದ್ದರೆ ಎಕ್ಸ್-ರೇ ಸಿಕ್ಕಾಪಟ್ಟೆ ಹೀರಿಕೆಯಾಗುತ್ತದೆ. ಪ್ರೋಟಾನಿಗೆ ಮುಖ್ಯ ಆಗುವುದು ಎಲೆಕ್ಟ್ರಾನ್‌ಗಳು ಎಷ್ಟು ಒತ್ತಾಗಿವೆ ಎಂಬುದು. ಸಿ.ಟಿ.ಯಲ್ಲಿ ಒಂದೇ ಬೂದು ಬಣ್ಣದಲ್ಲಿ ಕಾಣುವ ಎರಡು ಊತಕಗಳು (ಅಂಗಾಂಶಗಳು) ಪ್ರೋಟಾನನ್ನು ಬೇರೆ ಬೇರೆಯಾಗಿ ತಡೆಯಬಹುದು. ಹಲ್ಲಿನ ಲೋಹದ ಫಿಲ್ಲಿಂಗ್ ಇದ್ದರಂತೂ ಸುತ್ತಲಿನ ಚಿತ್ರವೇ ಗೆರೆಗೆರೆಯಾಗಿ ಕೆಟ್ಟುಹೋಗಿರುತ್ತದೆ. ಆಸ್ಪತ್ರೆಗಳು ಒಂದು ಪರಿವರ್ತನೆ ಕೋಷ್ಟಕ ಇಟ್ಟುಕೊಂಡು ಬೂದು ಬಣ್ಣದಿಂದ ತಡೆಯುವ ಶಕ್ತಿಯನ್ನು ಅಂದಾಜು ಮಾಡುತ್ತವೆ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯವರು 1996ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಇದಕ್ಕೆ ತಳಪಾಯ. ಒಳ್ಳೆಯ ಅಂದಾಜೇ, ಆದರೂ ಅಂದಾಜು.

ನೀರಿನಂಥ ನೀರಿನ ವಿಷಯದಲ್ಲೂ ಪಾಠ ಇದೆ. ಪ್ರೋಟಾನ್ ತಡೆಯುವ ಲೆಕ್ಕಕ್ಕೆ, ನೀರಿನ ಎಲೆಕ್ಟ್ರಾನ್‌ಗಳನ್ನು ಕೆದಕಲು ಸರಾಸರಿ ಎಷ್ಟು ಶಕ್ತಿ ಬೇಕು ಎಂಬ ಒಂದು ಮೂಲ ಸಂಖ್ಯೆ ಬೇಕು. ಅಂತರರಾಷ್ಟ್ರೀಯ ವಿಕಿರಣ ಅಳತೆ ಆಯೋಗ ಬಹಳ ಕಾಲ ಅದನ್ನು 75 ಎಲೆಕ್ಟ್ರಾನ್ ವೋಲ್ಟ್ ಎಂದು ಇಟ್ಟುಕೊಂಡಿತ್ತು. ಆಮೇಲೆ 78 ಎಂದು ತಿದ್ದಿತು. ಇಷ್ಟು ಸಣ್ಣ ತಿದ್ದುಪಡಿಯಿಂದಲೇ ಆಳದ ಲೆಕ್ಕ ಅರ್ಧ ಪರ್ಸೆಂಟ್ ಆಸುಪಾಸು ಅಲುಗುತ್ತದೆ.

ಇಂಥವನ್ನೆಲ್ಲ ಸೇರಿಸಿ ಆಸ್ಪತ್ರೆಗಳು ಒಂದು ಸುರಕ್ಷತೆಯ ಅಂಚು ಇಟ್ಟುಕೊಳ್ಳುತ್ತವೆ. ಸಾಮಾನ್ಯವಾಗಿ ಆಳದ 3.5 ಪರ್ಸೆಂಟ್, ಅದರ ಮೇಲೆ 1ರಿಂದ 3 ಮಿಲಿಮೀಟರ್. ಗೆಡ್ಡೆ 20 ಸೆಂಟಿಮೀಟರ್ ಆಳದಲ್ಲಿದ್ದರೆ 7 ಮಿಲಿಮೀಟರ್ ಜೊತೆಗೆ ಇನ್ನೊಂದು, ಅಂದರೆ ಕಡಿಮೆ ಅಂದರೂ 8 ಮಿಲಿಮೀಟರ್. ಗೆಡ್ಡೆಯ ಆಚೆಗಿನ ಅಷ್ಟು ಒಳ್ಳೆಯ ಊತಕಕ್ಕೂ ಬೇಕೆಂದೇ ಪೂರ್ತಿ ಡೋಸ್ ಕೊಡುತ್ತಾರೆ. ಕೊಡದಿದ್ದರೆ ಕಿರಣ ಮೊದಲೇ ನಿಂತು ಗೆಡ್ಡೆಯ ಒಂದು ತುದಿ ಉಳಿದುಬಿಡಬಹುದು. ಉಳಿದ ತುದಿಯಿಂದಲೇ ಕ್ಯಾನ್ಸರ್ ವಾಪಸ್ ಬರುತ್ತದೆ. ಹಾಗಾಗಿ ಈ ಎಚ್ಚರಿಕೆಯನ್ನು ತಪ್ಪು ಎನ್ನಲು ಆಗುವುದಿಲ್ಲ.

ಎಂಟು ಮಿಲಿಮೀಟರ್ ಅಂದರೆ ಎಷ್ಟು ಎಂದು ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. 4 ಸೆಂಟಿಮೀಟರ್ ಅಗಲದ ಒಂದು ಗುಂಡು ಗೆಡ್ಡೆ. ಸುತ್ತಲೂ 8 ಮಿಲಿಮೀಟರ್ ಸೇರಿಸಿದರೆ ಅಗಲ 5.6 ಸೆಂಟಿಮೀಟರ್. ಗಾತ್ರ ಮಾತ್ರ 2.7 ಪಟ್ಟು. ಅದೇ ಅಂಚನ್ನು 5 ಮಿಲಿಮೀಟರ್‌ಗೆ ಇಳಿಸಿದರೆ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ. ನಿಜವಾದ ಚಿಕಿತ್ಸೆಯ ಪ್ಲಾನಿನಲ್ಲಿ ಅಂಚು ಎಲ್ಲ ಕಡೆ ಸಮ ಇರುವುದಿಲ್ಲ, ಗೊತ್ತು. ಆದರೂ ಮೂರು ಮಿಲಿಮೀಟರ್ ಉಳಿಸಿದರೆ ಎಷ್ಟು ಒಳ್ಳೆಯ ಊತಕ ಉಳಿಯುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ. ಮಗುವಿನ ಮಿದುಳಿನಲ್ಲಿ ಆ ಊತಕದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಈ ಅಂಚನ್ನು ಕಡಿಮೆ ಮಾಡುವ ಕೆಲಸದಲ್ಲಿ ಈಗಾಗಲೇ ಆಸ್ಪತ್ರೆಗೆ ಬಂದಿರುವುದು ಎರಡು ಶಕ್ತಿಯ ಸಿ.ಟಿ. ಒಂದೇ ಜಾಗವನ್ನು ಎರಡು ಬಗೆಯ ಎಕ್ಸ್-ರೇಯಿಂದ ನೋಡುತ್ತಾರೆ. ಒಂದರಲ್ಲಿ ಒಂದೇ ಥರ ಕಂಡ ಊತಕಗಳು ಎರಡನೆಯದರಲ್ಲಿ ಬೇರೆಯಾಗಿ ಕಾಣುತ್ತವೆ. ಎರಡನ್ನೂ ಸೇರಿಸಿದರೆ ಎಲೆಕ್ಟ್ರಾನ್ ಸಾಂದ್ರತೆ ಬೇರೆ, ಧಾತುವಿನ ಪ್ರಭಾವ ಬೇರೆ ಎಂದು ಬಿಡಿಸಿ ಓದಬಹುದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದನ್ನು ದಿನನಿತ್ಯದ ಚಿಕಿತ್ಸೆಗೆ ತಂದು, 3.5 ಪರ್ಸೆಂಟ್ ಇದ್ದದ್ದನ್ನು 2 ಪರ್ಸೆಂಟ್ ಹತ್ತಿರಕ್ಕೆ ಇಳಿಸಿದ್ದಾರೆ. ಹೊಸ ಸ್ಕ್ಯಾನರ್ ಅಷ್ಟೇ, ಚಿಕಿತ್ಸೆಯ ಯಂತ್ರವನ್ನು ಮುಟ್ಟಬೇಕಾಗಿಲ್ಲ. ಇಷ್ಟು ಸರಳ ಲಾಭ ಇನ್ನೂ ಎಲ್ಲ ಕಡೆ ಹರಡಬೇಕಾಗಿದೆ ಎಂಬುದು ನನಗೆ ಬೇಸರದ ವಿಷಯವೇ.

ಇನ್ನೂ ನೇರವಾದ ದಾರಿ ಎಂದರೆ ಪ್ರೋಟಾನಿನಿಂದಲೇ ಚಿತ್ರ ತೆಗೆಯುವುದು. ಜಾಸ್ತಿ ಶಕ್ತಿ ಕೊಟ್ಟು ಪ್ರೋಟಾನನ್ನು ಮೈಯ ಆಚೆಗೆ ಹಾಯಿಸಿ, ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ಅಳೆದರೆ ನಡುವೆ ಅಂದಾಜೇ ಬೇಡ. ಆದರೆ ಪ್ರೋಟಾನ್ ದಾರಿಯಲ್ಲಿ ಅಲ್ಲಲ್ಲಿ ಸಣ್ಣಗೆ ಬಾಗುತ್ತಾ ಹೋಗುವುದರಿಂದ ಚಿತ್ರ ಮಸುಕು. ಆಸ್ಪತ್ರೆಯ ಯಂತ್ರಗಳ ಶಕ್ತಿ ತಲೆಯನ್ನು ದಾಟಲು ಸಾಕು, ದೊಡ್ಡವರ ಸೊಂಟವನ್ನು ಅಡ್ಡಡ್ಡಲಾಗಿ ದಾಟಲು ಸಾಲದು.

ಇಷ್ಟೆಲ್ಲ ಮಾಡಿ ಮೊದಲ ದಿನದ ಲೆಕ್ಕ ಪಕ್ಕಾ ಆಯಿತು ಎನ್ನೋಣ. ಚಿಕಿತ್ಸೆ ಒಂದು ದಿನದ್ದಲ್ಲ, ಆರೇಳು ವಾರ ನಡೆಯುವುದೂ ಉಂಟು. ಅಷ್ಟರಲ್ಲಿ ಮೈ ಬದಲಾಗುತ್ತದೆ.

ಮೂಗಿನ ಪಕ್ಕದ ಗೆಡ್ಡೆಯ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ದಿನ ನೆಗಡಿ ಇತ್ತು, ಸೈನಸ್ ಪೂರ್ತಿ ಸಿಂಬಳ ತುಂಬಿತ್ತು. ಸಿಂಬಳ ಪ್ರೋಟಾನಿಗೆ ಹೆಚ್ಚುಕಮ್ಮಿ ನೀರಿನ ಹಾಗೆ. ಆ ಲೆಕ್ಕದಲ್ಲೇ ಪ್ಲಾನ್ ಆಯಿತು. ಎರಡು ವಾರ ಕಳೆದ ಮೇಲೆ ಸೈನಸ್ ಖಾಲಿ, ಬರೀ ಗಾಳಿ. ಗಾಳಿ ಪ್ರೋಟಾನನ್ನು ತಡೆಯುವುದೇ ಇಲ್ಲ ಎನ್ನಬಹುದು. ಎರಡು ಸೆಂಟಿಮೀಟರ್ ಸಿಂಬಳ ಹೋದರೆ ಕಿರಣ ಎರಡು ಸೆಂಟಿಮೀಟರ್ ಮುಂದಕ್ಕೆ ಹೋಗುತ್ತದೆ. ಅಲ್ಲಿ ಕಣ್ಣಿನ ನರ ಇರಬಹುದು, ಮಿದುಳಿನ ಕಾಂಡ ಇರಬಹುದು. ರೋಗಿ ಅಲುಗಾಡಿಲ್ಲ. ಮುಖದ ಮಾಸ್ಕ್ ಸರಿಯಾಗಿ ಕೂತಿದೆ. ಹೊರಗಿನಿಂದ ನೋಡಿದರೆ ಎಲ್ಲ ನಿನ್ನೆಯ ಹಾಗೇ ಇದೆ.

ಎಕ್ಸ್-ರೇ ಆಗಿದ್ದರೆ ಇಂಥ ಬದಲಾವಣೆಯಿಂದ ಡೋಸ್ ಕೆಲವು ಪರ್ಸೆಂಟ್ ಏರುಪೇರಾಗುತ್ತಿತ್ತು, ಅಷ್ಟೇ. ಪ್ರೋಟಾನಿನಲ್ಲಿ ಒಂದು ಜಾಗಕ್ಕೆ ಇದ್ದದ್ದು ಇಲ್ಲವಾಗಬಹುದು, ಇಲ್ಲದ ಜಾಗಕ್ಕೆ ಪೂರ್ತಿ ಬೀಳಬಹುದು. ಚೂಪಾದ ಆಯುಧ ಜಾರಿದರೆ ಗಾಯವೂ ಜಾಸ್ತಿ, ಅಲ್ವಾ?

ಶ್ವಾಸಕೋಶದಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಊತಕದ ಸಾಂದ್ರತೆ ನೀರಿನ ಕಾಲು ಭಾಗದಷ್ಟು. ಎದುರಿಗಿದ್ದ ಒಂದು ಸೆಂಟಿಮೀಟರ್ ದಪ್ಪದ ಗೆಡ್ಡೆ ಪಕ್ಕಕ್ಕೆ ಸರಿದರೆ ಕಿರಣ ಮೂರ್ನಾಲ್ಕು ಸೆಂಟಿಮೀಟರ್ ಮುಂದೆ ಹೋಗುತ್ತದೆ. ಉಸಿರು ನಿಲ್ಲುವುದಿಲ್ಲವಲ್ಲ, ಗೆಡ್ಡೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಈಗಿನ ಯಂತ್ರಗಳು ಪೆನ್ಸಿಲ್‌ನಂಥ ತೆಳು ಕಿರಣದಿಂದ ಗೆಡ್ಡೆಯನ್ನು ಚುಕ್ಕಿ ಚುಕ್ಕಿಯಾಗಿ, ಪದರ ಪದರವಾಗಿ ತುಂಬುತ್ತವೆ. ಚುಕ್ಕಿ ಇಡುವ ಹೊತ್ತಿಗೆ ಗೆಡ್ಡೆ ಸರಿದಿದ್ದರೆ ಒಂದು ಕಡೆ ಎರಡು ಚುಕ್ಕಿ ಒಟ್ಟಿಗೆ ಬೀಳುತ್ತವೆ, ಇನ್ನೊಂದು ಕಡೆ ಖಾಲಿ ಉಳಿಯುತ್ತದೆ. ಅದಕ್ಕೆ ಉಸಿರು ಬಿಗಿಹಿಡಿಸುವುದು, ಉಸಿರಿನ ಒಂದು ಹಂತದಲ್ಲಿ ಮಾತ್ರ ಕಿರಣ ಬಿಡುವುದು, ಒಂದೇ ಜಾಗವನ್ನು ಹಲವು ಸಲ ತೆಳುವಾಗಿ ತುಂಬಿ ತಪ್ಪನ್ನು ಸರಾಸರಿ ಮಾಡುವುದು ಎಲ್ಲ ಮಾಡುತ್ತಾರೆ. ಕಂಪ್ಯೂಟರ್ ಲೆಕ್ಕವೂ ಸುಧಾರಿಸಿದೆ. ಒಂದೊಂದು ಪ್ರೋಟಾನಿನ ದಾರಿಯನ್ನು ಹಿಂಬಾಲಿಸುವ ಮಾಂಟೆ ಕಾರ್ಲೋ ಲೆಕ್ಕಕ್ಕೆ ಮೊದಲು ಗಂಟೆಗಟ್ಟಲೆ ಬೇಕಿತ್ತು. ಗ್ರಾಫಿಕ್ಸ್ ಚಿಪ್‌ಗಳ ಮೇಲೆ ಈಗ ಸೆಕೆಂಡು, ನಿಮಿಷಗಳಲ್ಲಿ ಮುಗಿಯುತ್ತದೆ.

ನನಗೆ ಅತಿ ಕುತೂಹಲದ ಭಾಗ ಮುಂದಿನದು. ಕಿರಣ ಬಿಡುತ್ತಿರುವಾಗಲೇ, ಅದು ಎಲ್ಲಿ ನಿಂತಿತು ಎಂದು ಹೊರಗಿನಿಂದ ತಿಳಿಯಬಹುದೇ? ಎಕ್ಸ್-ರೇ ಮೈಯಿಂದ ಆಚೆ ಬರುತ್ತದೆ, ಹಿಡಿದು ನೋಡಬಹುದು. ಪ್ರೋಟಾನ್ ಒಳಗೇ ಉಳಿಯುತ್ತದೆ. ಆದರೆ ಹೋಗುವ ದಾರಿಯಲ್ಲಿ ಕೆಲವು ಪ್ರೋಟಾನ್‌ಗಳು ಇಂಗಾಲ, ಆಮ್ಲಜನಕಗಳ ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆಯುತ್ತವೆ. ಏಟು ತಿಂದ ನ್ಯೂಕ್ಲಿಯಸ್ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿಗಿಂತಲೂ ಬೇಗ ಒಂದು ಗಾಮಾ ಕಿರಣವನ್ನು ಉಗುಳಿ ಸುಮ್ಮನಾಗುತ್ತದೆ. ಇಂಗಾಲದ್ದು 4.4 ಮೆಗಾ ಎಲೆಕ್ಟ್ರಾನ್ ವೋಲ್ಟ್, ಆಮ್ಲಜನಕದ್ದು 6.1, ಪ್ರತಿಯೊಂದಕ್ಕೂ ಅದರದೇ ಗುರುತು. ಈ ಗಾಮಾ ಮೈಯನ್ನು ದಾಟಿ ಹೊರಗೆ ಬರುತ್ತದೆ. ಪ್ರೋಟಾನ್ ನಿಲ್ಲುವ ಜಾಗದ ಹತ್ತಿರವೇ ಗಾಮಾ ಹುಟ್ಟುವುದೂ ನಿಲ್ಲುತ್ತದೆ.

2015ರಲ್ಲಿ ಡ್ರೆಸ್ಡೆನ್‌ನಲ್ಲಿ ಮೊದಲ ಸಲ ರೋಗಿಯೊಬ್ಬರ ಚಿಕಿತ್ಸೆಯ ವೇಳೆ ಇಂಥ ಕ್ಯಾಮೆರಾ ಇಟ್ಟು ನೋಡಿದರು. ಭಾರವಾದ ಟಂಗ್‌ಸ್ಟನ್ ತುಂಡುಗಳ ನಡುವೆ ಚಾಕುವಿನ ಅಲುಗಿನಂಥ ಒಂದು ಸೀಳು, ಅದರ ಹಿಂದೆ ಗಾಮಾ ಎಣಿಸುವ ಹರಳುಗಳ ಸಾಲು. ಸೂಜಿರಂಧ್ರದ ಕ್ಯಾಮೆರಾದ ತತ್ವವೇ. ಬೋಸ್ಟನ್‌ನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯವರು ಇನ್ನೊಂದು ದಾರಿ ಹಿಡಿದಿದ್ದಾರೆ. ಗಾಮಾದ ಶಕ್ತಿಯನ್ನು ಬಿಡಿಸಿ ಅಳೆದು, ಯಾವ ಧಾತುವಿನಿಂದ ಎಷ್ಟು ಬಂತು ಎಂಬುದರ ಮೇಲೆ ಆಳ ಲೆಕ್ಕ ಹಾಕುತ್ತಾರೆ.

ಸುಲಭದ ಕೆಲಸ ಏನಲ್ಲ. ಒಂದು ಚುಕ್ಕಿಗೆ ಸಿಗುವುದು ಸೆಕೆಂಡಿನ ಸಣ್ಣ ಭಾಗ. ಕೋಟಿಗಟ್ಟಲೆ ಪ್ರೋಟಾನ್ ಹೋದರೂ ಕ್ಯಾಮೆರಾಕ್ಕೆ ತಲುಪುವ ಗಾಮಾ ಅದರ ಮುಂದೆ ಏನೂ ಅಲ್ಲ. ಜೊತೆಗೆ ಎಲ್ಲ ಕಡೆಯಿಂದ ಬರುವ ನ್ಯೂಟ್ರಾನ್‌ಗಳ ಗದ್ದಲ. ಅಕ್ಕಪಕ್ಕದ ಚುಕ್ಕಿಗಳನ್ನು ಒಟ್ಟು ಮಾಡಿ ನೋಡಿದರೆ ಒಂದೆರಡು ಮಿಲಿಮೀಟರ್‌ವರೆಗಿನ ತಪ್ಪು ಹಿಡಿಯಬಹುದು. ಈ ಕ್ಷೇತ್ರದಲ್ಲಿ ಸದ್ಯ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ.

ಬೇರೆ ದಾರಿಗಳೂ ಇವೆ. ಪ್ರೋಟಾನ್ ಹೋದ ದಾರಿಯಲ್ಲಿ ವಿಕಿರಣ ಸೂಸುವ ಆಮ್ಲಜನಕ, ಇಂಗಾಲ ಹುಟ್ಟುತ್ತವೆ. ಮೈಯೊಳಗಿನ ಇಂಥ ವಿಕಿರಣವನ್ನು ಹಿಡಿಯುವ ಪೆಟ್ ಸ್ಕ್ಯಾನರ್‌ನಿಂದ ಅವನ್ನು ನೋಡಬಹುದು. ಆ ಆಮ್ಲಜನಕದ ಅರ್ಧಾಯುಷ್ಯ ಎರಡು ನಿಮಿಷ, ಇಂಗಾಲದ್ದು ಇಪ್ಪತ್ತು. ರೋಗಿಯನ್ನು ಸ್ಕ್ಯಾನರ್‌ಗೆ ಕರೆದೊಯ್ಯುವಷ್ಟರಲ್ಲಿ ಅರ್ಧಕ್ಕರ್ಧ ಮಾಯ, ಉಳಿದದ್ದರಲ್ಲೂ ಒಂದಿಷ್ಟನ್ನು ರಕ್ತ ಎತ್ತಿಕೊಂಡು ಹೋಗಿರುತ್ತದೆ. ಅದಕ್ಕೇ ಇಟಲಿಯ ಪಾವಿಯಾದಲ್ಲಿ ಕಿರಣದ ಪಕ್ಕದಲ್ಲೇ ಪೆಟ್ ಫಲಕ ಇಟ್ಟು ನೋಡುತ್ತಿದ್ದಾರೆ. ಶಬ್ದವನ್ನು ಕೇಳಿಸಿಕೊಳ್ಳುವ ಪ್ರಯತ್ನ ಕೂಡ ಇದೆ. ಪ್ರೋಟಾನ್ ನಿಲ್ಲುವ ಕಡೆ ಊತಕ ಒಂದು ಕ್ಷಣ ಕೂದಲೆಳೆಯಷ್ಟು ಬಿಸಿಯಾಗಿ ಹಿಗ್ಗುತ್ತದೆ, ಸಣ್ಣ ಧ್ವನಿ ಅಲೆ ಏಳುತ್ತದೆ. ಜಪಾನಿನ ತ್ಸುಕುಬಾದಲ್ಲಿ 1995ರಲ್ಲೇ ಯಕೃತ್ತಿನ ಕ್ಯಾನ್ಸರ್ ರೋಗಿಯೊಬ್ಬರಲ್ಲಿ ಇದನ್ನು ಹಿಡಿದಿದ್ದರು.

ಎಂ.ಆರ್.ಐ. ಜೊತೆ ಪ್ರೋಟಾನ್ ಸೇರಿಸುವುದು ಇದಕ್ಕಿಂತ ದೊಡ್ಡ ಸಾಹಸ. ಗೆಡ್ಡೆಯನ್ನು ನೇರ ನೋಡುತ್ತಾ ಕಿರಣ ಬಿಡಬಹುದು ಎಂಬುದು ಆಸೆ. ಆದರೆ ಪ್ರೋಟಾನಿಗೆ ವಿದ್ಯುದಾವೇಶ ಇದೆ, ಎಂ.ಆರ್.ಐ. ಎಂದರೆ ದೊಡ್ಡ ಅಯಸ್ಕಾಂತ. ಕಿರಣ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಗುರಿ ಇಡಬೇಕು. ಡ್ರೆಸ್ಡೆನ್‌ನವರು 2024ರಲ್ಲಿ ಇಡೀ ಮೈಗೆ ಆಗುವಂಥ ಒಂದು ಮಾದರಿಯನ್ನು ಸಂಶೋಧನೆಗಾಗಿ ಶುರು ಮಾಡಿದರು.

ಇನ್ನೊಂದು ಮಾತು ಹೇಳದೆ ಬಿಡುವ ಹಾಗಿಲ್ಲ. ಪ್ರೋಟಾನ್ ಎಲ್ಲಿ ನಿಂತಿತು ಎಂದು ಗೊತ್ತಾದರೂ, ಅಲ್ಲಿ ಜೀವಕೋಶಕ್ಕೆ ಎಷ್ಟು ಪೆಟ್ಟು ಬಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಪ್ರೋಟಾನ್ ಎಕ್ಸ್-ರೇಗಿಂತ 1.1 ಪಟ್ಟು ಪರಿಣಾಮಕಾರಿ ಎಂದು ಪ್ರಪಂಚದ ಆಸ್ಪತ್ರೆಗಳೆಲ್ಲ ಲೆಕ್ಕ ಹಿಡಿಯುತ್ತವೆ. ದಾರಿಯುದ್ದಕ್ಕೂ ಒಂದೇ ಸಂಖ್ಯೆ. ಪ್ರಯೋಗಾಲಯದ ಕೋಶಗಳಲ್ಲಿ ನೋಡಿದರೆ ತೀರಾ ತುದಿಯಲ್ಲಿ ಅದು 1.7ರವರೆಗೂ ಏರುತ್ತದೆ. ನಿಧಾನ ಆದ ಪ್ರೋಟಾನ್ ಒತ್ತೊತ್ತಾಗಿ ಏಟು ಕೊಡುತ್ತದೆ, ಡಿ.ಎನ್.ಎ. ರಿಪೇರಿ ಆಗುವುದು ಕಷ್ಟ. ಹಾಗಾಗಿ ಪೆಟ್ಟಿನ ಅಂಚು ಡೋಸ್‌ನ ಅಂಚಿಗಿಂತ ಒಂದೆರಡು ಮಿಲಿಮೀಟರ್ ಆಚೆಗೂ ಇರಬಹುದು. ಮಕ್ಕಳ ಚಿಕಿತ್ಸೆಯಲ್ಲಿ ಕಿರಣದ ತುದಿ ಮಿದುಳಿನ ಕಾಂಡದೊಳಗೆ ಬೀಳದಂತೆ ನೋಡಿಕೊಳ್ಳುವುದು ಇದಕ್ಕೇ.

ಇಷ್ಟಕ್ಕೂ ರೋಗಿಗೆ ಲಾಭ ಆಗುತ್ತಿದೆಯೇ? ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯವರು ಅನ್ನನಾಳದ ಕ್ಯಾನ್ಸರ್‌ನಲ್ಲಿ ಎಕ್ಸ್-ರೇ, ಪ್ರೋಟಾನ್ ಎರಡನ್ನೂ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಹತೋಟಿಯಲ್ಲಿ ಎರಡೂ ಸಮ. ಅಡ್ಡಪರಿಣಾಮಗಳ ಒಟ್ಟು ಹೊರೆ ಎಕ್ಸ್-ರೇ ಗುಂಪಿನಲ್ಲಿ ಎರಡು ಪಟ್ಟಿಗೂ ಜಾಸ್ತಿ. ಆದರೆ 2024ರಲ್ಲಿ ಹೊರಬಂದ, 450 ಜನರ ಪ್ರಾಸ್ಟೇಟ್ ಅಧ್ಯಯನದಲ್ಲಿ ಎರಡು ವರ್ಷದ ನಂತರ ಕರುಳಿನ ತೊಂದರೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಗುಂಪಿನವರು ಚೆನ್ನಾಗಿದ್ದರು. ಎಕ್ಸ್-ರೇ ಚಿಕಿತ್ಸೆ ಕೂಡ ಈಗ ತುಂಬಾ ಸುಧಾರಿಸಿದೆ, ಅದು ಮುಖ್ಯ ಕಾರಣ. ಪಕ್ಕದ ಮಸುಕು ಅಂಚಿನಿಂದ ಚಿಕಿತ್ಸೆ ಕೊಡುವಷ್ಟು ಕಾಲ ಪ್ರೋಟಾನಿನಿಂದ ಅಲ್ಲಿ ದೊಡ್ಡ ವ್ಯತ್ಯಾಸ ನಿರೀಕ್ಷಿಸುವುದೂ ಕಷ್ಟ ಎಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಶ್ನೆಗೆ, ಹೊಟ್ಟೆಯ ಕಡೆಯಿಂದ ಕಿರಣ ಬಿಡುವ ವಿಷಯಕ್ಕೆ ವಾಪಸ್ ಬರುತ್ತೇನೆ. ಬೋಸ್ಟನ್‌ನ ಸಂಶೋಧಕರು ಇಂಥ ಪ್ಲಾನ್‌ಗಳನ್ನು 2012ರ ಹೊತ್ತಿಗೇ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿದ್ದಾರೆ. ಗುದನಾಳಕ್ಕೆ ಬೀಳುವ ಡೋಸ್ ಚೆನ್ನಾಗಿಯೇ ಇಳಿಯುತ್ತದೆ. ಷರತ್ತು ಒಂದೇ: ಕಿರಣ ಎಲ್ಲಿ ನಿಲ್ಲುತ್ತಿದೆ ಎಂದು ರೋಗಿಯ ಮೈಯಲ್ಲೇ ಅಳೆದು ನೋಡಬೇಕು. ಹಾಗೆ ಅಳೆಯುವ ಉಪಕರಣ ಚಿಕಿತ್ಸೆಯ ಕೋಣೆಯೊಳಗೆ ಬಂದಿದೆ. ಹನ್ನೆರಡನೆಯ ದಿನ ಕಿರಣ ನಾಲ್ಕು ಮಿಲಿಮೀಟರ್ ತಪ್ಪಿದೆ ಎಂದು ಆ ಉಪಕರಣ ತೋರಿಸಿದರೆ ಏನು ಮಾಡಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನ ಆಗಬೇಕು. ಹೊಸ ಸ್ಕ್ಯಾನ್, ಹೊಸ ಪ್ಲಾನ್, ಅದರ ಪರೀಕ್ಷೆ ಎಲ್ಲ ಮುಗಿಯಲು ಈಗ ದಿನಗಳೇ ಬೇಕು. ರೋಗಿ ಮೇಜಿನ ಮೇಲೆ ಮಲಗಿರುವಾಗಲೇ, ಕೆಲವು ನಿಮಿಷದಲ್ಲಿ ಅಷ್ಟನ್ನೂ ಮುಗಿಸುವ ಕೆಲಸ ಈಗ ಹಲವು ಕೇಂದ್ರಗಳಲ್ಲಿ ನಡೆಯುತ್ತಿದೆ.